ಮೆಥಡ್ ಕೊಟ್ಟ ಆಬ್ಜೆಕ್ಟನ್ನು ಅಳಿಸುವವರು ಯಾರು?

ಪ್ರಶ್ನೆ: ಅಡಿಕೆ ವ್ಯಾಪಾರಿಯೊಬ್ಬರಿಗೆ ತೂಕದ ಚೀಟಿಯ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ, ಸಿ ಪ್ಲಸ್ ಪ್ಲಸ್‌ನಲ್ಲಿ. ಚೀಟಿ ಮಾಡುವ ಮೆಥಡ್ (ಪ್ರೋಗ್ರಾಂನಲ್ಲಿ ಆ ಕೆಲಸ ಮಾಡುವ ಭಾಗ) ನ್ಯೂ ಹಾಕಿ, ಅಂದರೆ ಮೆಮೊರಿಯಲ್ಲಿ ಜಾಗ ಪಡೆದು, ಅದರ ಪಾಯಿಂಟರ್ (ವಿಳಾಸ) ಕೊಡುತ್ತದೆ. ಪ್ರತಿ ಚೀಟಿಗೂ ಸುಮಾರು 5 ಎಂಬಿಯ ಫೋಟೋ ಇರುತ್ತದೆ. ಸಂಜೆಯ ಹೊತ್ತಿಗೆ ಕಂಪ್ಯೂಟರ್ ತೆವಳುತ್ತದೆ. ನ್ಯೂ ತೆಗೆದು ಮೆಥಡ್ ಒಳಗಿನ ಲೋಕಲ್ ಆಬ್ಜೆಕ್ಟಿನ ವಿಳಾಸ ಕೊಟ್ಟರೆ, ಅಡಿಕೆಯ ಬಗೆ 'ಚಾಲಿ' ಅಂತ ಬರಬೇಕಾದಲ್ಲಿ ಏನೇನೋ ಅಕ್ಷರ ಬರುತ್ತದೆ. ಏನು ಮಾಡಲಿ ಸರ್?
— ಓದುಗರು, ಶಿರಸಿ

ಉತ್ತರ: ಮೊದಲು ಆ ಅಕ್ಷರಗಳ ವಿಷಯ. ಲೋಕಲ್ ಆಬ್ಜೆಕ್ಟ್ ಮದುವೆ ಚಪ್ಪರ ಇದ್ದ ಹಾಗೆ, ಮೆಥಡ್ ಮುಗಿಯಿತು ಅಂದರೆ ಬಿಚ್ಚಿದರು ಅಂತಲೇ ಲೆಕ್ಕ. ನೀವು ಮರುದಿನ ಅದರ ವಿಳಾಸ ಕೊಟ್ಟು ಕಳಿಸಿದ್ದೀರಿ. ಈಗಿನ ಕಂಪೈಲರ್‌ಗಳು ಇದಕ್ಕೆ ವಾರ್ನಿಂಗ್ ಕೊಡುತ್ತವೆ, ದಯವಿಟ್ಟು ಓದಿ.

ಇನ್ನು ಮೆಮೊರಿ. ನ್ಯೂ ಮಾಡಿದ್ದನ್ನು ಯಾರೂ ಡಿಲೀಟ್ ಮಾಡಿಲ್ಲ, ಅಷ್ಟೆ. 200 ಚೀಟಿ ಆದರೆ 1 ಜಿಬಿ ಹೋಯಿತು ಅಲ್ವಾ? ಡಿಲೀಟ್ ಸೇರಿಸಿದರೆ ಸಾಕು ಅನ್ನಬೇಡಿ. ಬರೀ ಪಾಯಿಂಟರ್ ನೋಡಿದರೆ ಅಳಿಸುವ ಹೊಣೆ ಯಾರದು ಅಂತ ಗೊತ್ತಾಗುವುದಿಲ್ಲ, ಒಂದು ಕಡೆ ಮರೆತರೆ ಸೋರಿಕೆ, ಎರಡು ಕಡೆ ಅಳಿಸಿದರೆ ಇನ್ನೂ ದೊಡ್ಡ ಅನಾಹುತ.

ಪಾಯಿಂಟರ್ ಬಿಡಿ, ಚೀಟಿಯನ್ನೇ ರಿಟರ್ನ್ ಮಾಡಿ. 5 ಎಂಬಿ ಕಾಪಿ ಆಗುತ್ತದಲ್ಲ ಅನ್ನುವ ಹೆದರಿಕೆ ಬೇಡ. ರಿಟರ್ನ್ ಸಾಲಿನಲ್ಲೇ ಆಬ್ಜೆಕ್ಟ್ ಕಟ್ಟಿದರೆ, ಅದು ನೇರವಾಗಿ ಮೆಥಡನ್ನು ಕರೆದವರ ಜಾಗದಲ್ಲೇ ತಯಾರಾಗುತ್ತದೆ. ಸಿ ಪ್ಲಸ್ ಪ್ಲಸ್ 17ರಿಂದ ಇದು ಭಾಷೆಯ ನಿಯಮವೇ. ಹೆಸರಿಟ್ಟ ಲೋಕಲ್ ಆದರೂ ಕಂಪೈಲರ್ ಸಾಮಾನ್ಯವಾಗಿ ಹಾಗೇ ಮಾಡುತ್ತದೆ, ಮಾಡದಿದ್ದರೆ ಮೂವ್ ಇದೆ. ಅದು 2011ರ ಆವೃತ್ತಿಯಲ್ಲಿ ಬಂತು: ಚೀಲಗಳನ್ನು ಹೊರದೆ ಗೋದಾಮಿನ ಬೀಗದಕೈ ಕೊಟ್ಟ ಹಾಗೆ. ಆದರೆ ರಿಟರ್ನ್ ಸಾಲಿನಲ್ಲಿ ನೀವಾಗಿ ಮೂವ್ ಬರೆಯಬೇಡಿ, ಅಲ್ಲೇ ಕಟ್ಟುವ ಸೌಲಭ್ಯ ಸುಮ್ನೆ ತಪ್ಪಿಹೋಗುತ್ತದೆ.

ರಾಶಿ ಅಡಿಕೆಗೊಂದು, ಚಾಲಿ ಅಡಿಕೆಗೊಂದು ಅಂತ ಬೇರೆ ಬೇರೆ ಚೀಟಿ ಕ್ಲಾಸ್ ಇದ್ದು, ಯಾವುದು ಬರುತ್ತದೆ ಅಂತ ಓಡುವಾಗಲೇ ತೀರ್ಮಾನ ಆಗಬೇಕಿದ್ದರೆ ಮಾತ್ರ ಪಾಯಿಂಟರ್ ಬೇಕು. ಆಗಲೂ ಯೂನಿಕ್ ಪಾಯಿಂಟರ್ ಕೊಡಿ. ಪಡೆದವರೇ ಒಡೆಯರು ಅಂತ ಟೈಪ್ ನೋಡಿದರೇ ತಿಳಿಯುತ್ತದೆ, ಅವರ ಕೆಲಸ ಮುಗಿದಾಗ ಅದೇ ಅಳಿಸಿಕೊಳ್ಳುತ್ತದೆ. ಆ ಎಲ್ಲ ಚೀಟಿಗಳಿಗೂ ಮೂಲವಾದ ಬೇಸ್ ಕ್ಲಾಸಿನ ಡಿಸ್ಟ್ರಕ್ಟರ್ (ಅಳಿಸುವಾಗ ಓಡುವ ಭಾಗ) ವರ್ಚುವಲ್ ಆಗಿರಲಿ.

ಒಂದು ವಿಷಯ ನಿಮ್ಮ ಪ್ರಶ್ನೆಯಲ್ಲಿಲ್ಲ: ಚೀಟಿಯ ಒಳಗೆ ಆ ಫೋಟೋ ಹೇಗಿದೆ? ಅದೂ ನ್ಯೂ ಮಾಡಿದ ಬರೀ ಪಾಯಿಂಟರ್ ಆಗಿದ್ದರೆ ಮೇಲಿನದೆಲ್ಲ ಮಾಡಿಯೂ ಸೋರುತ್ತದೆ. ತನ್ನ ಜಾಗವನ್ನು ತಾನೇ ಅಳಿಸಿಕೊಳ್ಳುವ ವೆಕ್ಟರ್‌ಗೆ ಹಾಕಿ, ಒಂದು ಸಂಜೆ ಓಡಿಸಿ ನೋಡಿ, ಮತ್ತೆ ಬರೆಯಿರಿ.