ಹುಟ್ಟೋಕೇ ಕಾಯದವಳು ಈಗ ಕಾಯ್ತಾಳಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದವಳು. 30 ವಾರ, ತೂಕ 1,300 ಗ್ರಾಂ. ತಿಂಗಳಿಗೂ ಹೆಚ್ಚು ಆಸ್ಪತ್ರೆಯ ಬಿಸುಪಿನ ಪೆಟ್ಟಿಗೆಯಲ್ಲಿ (ಇನ್‌ಕ್ಯುಬೇಟರ್) ಇಟ್ಟಿದ್ದರು. ಚಿಕ್ಕವಳಿದ್ದಾಗ ಯಾವುದಕ್ಕೂ ತಡೆಯುತ್ತಿರಲಿಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಪಕ್ಕದ ಟೇಬಲ್‌ಗೆ ಮೊದಲು ದೋಸೆ ಬಂದರೆ ಎದ್ದು ಹೋಗಿ ಆ ತಟ್ಟೆಗೇ ಕೈ ಹಾಕುತ್ತಿದ್ದಳು. ಈಗ ಒಂಬತ್ತನೇ ಕ್ಲಾಸು. ಗಲಾಟೆ ನಿಂತಿದೆ, ಮಾತೂ ನಿಂತಿದೆ. ವಾಟ್ಸಾಪಿನಲ್ಲಿ ದುಡುಕಿ ಏನೋ ಬರೆದು ಗೆಳತಿಯರ ಜೊತೆ ಜಗಳವಾಯಿತು, ಈಗ ಯಾರೂ ಮನೆಗೆ ಬರುವುದಿಲ್ಲ. ‘ನಾನಿರೋದೇ ಹಿಂಗೆ, ಬಿಡವ್ವ’ ಅಂತಾಳೆ. ನಮ್ಮತ್ತೆ ಬಂದವರ ಮುಂದೆಲ್ಲ ‘ಹುಟ್ಟೋಕೇ ಕಾಯಲಿಲ್ಲ, ಈಗ ಕಾಯ್ತಾಳಾ?’ ಅಂತಾರೆ. ತಿಂಗಳು ತುಂಬದೆ ಹುಟ್ಟಿದ್ದಕ್ಕೇ ಹೀಗಾ?
– ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ತಂಗೀ, ನಿಮ್ಮತ್ತೆಯವರ ಮಾತಿನಲ್ಲಿ ಕಾಲು ಭಾಗ ನಿಜವಿದೆ. ಹುಡುಗಿಗೆ ಅದು ಅಷ್ಟು ಚುಚ್ಚುವುದೂ ಅದಕ್ಕೇ.

37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಪೂರ್ವ ಅನ್ನುತ್ತೇವೆ. ನಿಮ್ಮ ಮಗಳು ಅದಕ್ಕೂ ಏಳು ವಾರ ಮುಂಚೆ ಬಂದಳು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಿದುಳು ಭರದಿಂದ ಬೆಳೆದು, ಮಡಿಕೆ ಬಿದ್ದು, ಒಳಗೊಳಗೇ ಸಂಪರ್ಕ ಹೆಣೆದುಕೊಳ್ಳುತ್ತದೆ. ಇವಳ ಮಿದುಳು ಆ ಕೆಲಸವನ್ನು ಮಾನಿಟರಿನ ಬೀಪ್ ಸದ್ದು, ಕಣ್ಣಿಗೆ ಹೊಡೆಯುವ ಬೆಳಕು, ಹಿಮ್ಮಡಿಗೆ ಚುಚ್ಚುವ ಸೂಜಿಗಳ ನಡುವೆ ಮಾಡಿತು.

ಜರ್ಮನಿಯಲ್ಲಿ 1985–86ರಲ್ಲಿ ಹುಟ್ಟಿದ ಮಕ್ಕಳ ಮೇಲೆ ಒಂದು ದೀರ್ಘ ಅಧ್ಯಯನ ನಡೆದಿದೆ. 20 ತಿಂಗಳ ಮಗುವಿನ ಕೈಗೆಟುಕುವಲ್ಲಿ ಲೋಟ ಬೋರಲು ಹಾಕಿ, ಅಡಿಯಲ್ಲಿ ಒಣದ್ರಾಕ್ಷಿ ಇಟ್ಟು, ‘ಹೇಳೋತನಕ ಮುಟ್ಟಬೇಡ’ ಎಂದು 60 ಸೆಕೆಂಡು ಕಾಯಿಸಿದರು. ಬೇಗ ಹುಟ್ಟಿದ ಮಕ್ಕಳಿಗೆ ಕಾಯುವುದು ಹೆಚ್ಚು ಕಷ್ಟವಾಯಿತು. ಕಾಯಲಾಗದವರಿಗೆ ಎಂಟನೇ ವಯಸ್ಸಿನಲ್ಲಿ ಗಮನ, ಓದು ಎರಡೂ ಸ್ವಲ್ಪ ಹಿಂದೆ ಬಿದ್ದವು. (ದ್ರಾಕ್ಷಿ ಬದಲು ಬಿಸಿ ಮಿರ್ಚಿ ಇಟ್ಟಿದ್ದರೆ ನಮ್ಮೂರ ದೊಡ್ಡವರ ಸಂಯಮವೂ ತಿಳಿಯುತ್ತಿತ್ತು.) ಇದು ನೂರಾರು ಮಕ್ಕಳ ಸರಾಸರಿ, ನಿಮ್ಮ ಮಗಳ ಜಾತಕವಲ್ಲ. ಬೇಗ ಹುಟ್ಟಿದ ಎಷ್ಟೋ ಮಕ್ಕಳು ಆರಾಮಾಗಿ ಬೆಳೆಯುತ್ತಾರೆ.

ಹರೆಯಕ್ಕೆ ಬಂದಾಗ ಇಂಥ ಮಕ್ಕಳಲ್ಲಿ ನಾವು ಹೆಚ್ಚು ಕಾಣುವುದು ಪುಂಡಾಟವನ್ನಲ್ಲ, ಆತಂಕ ಮತ್ತು ಒಂಟಿತನವನ್ನು. ನನಗನಿಸುವಂತೆ, ನಿಮ್ಮ ಮಗಳನ್ನು ಈಗ ಕುಗ್ಗಿಸಿರುವುದು ಆ 30 ವಾರಕ್ಕಿಂತ ಆಮೇಲೆ ತಿಂದ ಬೈಗುಳ. ಹೆಣ್ಣುಮಗಳು ದುಡುಕಿದರೆ ಇನ್ನೊಂದು ಪಾಲು ಜಾಸ್ತಿ. ‘ನಾನಿರೋದೇ ಹಿಂಗೆ’ ಎನ್ನುವುದು ನೀವೆಲ್ಲ ಸೇರಿ ಕಲಿಸಿದ ಪಾಠ.

ಆದ್ದರಿಂದ ಅತ್ತೆಯವರ ಹತ್ತಿರ ಮಗಳಿಲ್ಲದಾಗ ಮಾತಾಡಿ. ಆ ಮಾತು ಇನ್ನು ಬೇಡ. ಅದರ ಬದಲು ಪೆಟ್ಟಿಗೆಯಲ್ಲಿ ಹೇಗಿದ್ದಳು, ಯಾರು ರಾತ್ರಿಯೆಲ್ಲ ಹೊರಗೆ ಕೂತಿದ್ದರು, ಮನೆಗೆ ತಂದ ದಿನ ಏನಾಯಿತು ಅಂತ ಅಜ್ಜಿಯೇ ಹೇಳಲಿ. ಆ ಕತೆ ಅವಳಿಗೆ ಯಾರೂ ನೆಟ್ಟಗೆ ಹೇಳಿರಲಿಕ್ಕಿಲ್ಲ.

‘ತಾಳ್ಮೆ ಇರಲಿ’ ಅಂದರೆ ತಾಳ್ಮೆ ಬರುವುದಿಲ್ಲ. ಕಾಯುವ ಹೊತ್ತಿಗೆ ಕೈಗೊಂದು ಕೆಲಸ ಕೊಡಿ. ಹೋಟೆಲಿನಲ್ಲಿ ಆರ್ಡರ್ ಹೇಳುವುದು, ಬಿಲ್ ಲೆಕ್ಕ ಹಾಕುವುದು ಅವಳದೇ ಆಗಲಿ. ಸಿಟ್ಟಿನಲ್ಲಿ ಬರೆದ ಮೆಸೇಜು ಕಳಿಸದೆ ಫೋನ್ ಬೋರಲು ಇಟ್ಟು, ನೀರು ಕುಡಿದು ಬಂದು ಓದಲಿ. ಕೆಲವು ಸಲ ತಪ್ಪುತ್ತಾಳೆ, ತಪ್ಪಲಿ. ಗೆಳತಿಯರಲ್ಲಿ ಒಬ್ಬಳನ್ನು ಮಾತ್ರ ಮನೆಗೆ ಕರೆಯಿರಿ, ಗುಂಪು ಆಮೇಲೆ. ರಾತ್ರಿ ನಿದ್ದೆ ಕಡಿಮೆಯಾದರೆ ಇದೆಲ್ಲ ನೀರುಪಾಲು.

ಒಮ್ಮೆ ತೋರಿಸುವುದಂತೂ ಒಳ್ಳೆಯದು. ಕಣ್ಣು, ಕಿವಿ ಪರೀಕ್ಷೆಯೂ ಆಗಲಿ. ಗಮನದ ತೊಂದರೆ ಇದ್ದರೆ ಚಿಕಿತ್ಸೆ ಇದೆ. 10ರಿಂದ 19 ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಇರುತ್ತದೆ. ಎರಡು ವಾರ ಸತತ ಮಂಕಾಗಿದ್ದರೆ, ಊಟ ಬಿಟ್ಟರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ‘ಇರೋದೇ ಬೇಡ’ ಎಂದರೆ ಒಂದು ದಿನವೂ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲುರಾತ್ರಿ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವಾಗ ಹುಟ್ಟಿದಾಗಿನ ಡಿಸ್ಚಾರ್ಜ್ ಕಾರ್ಡ್ ಹುಡುಕಿ ಒಯ್ಯಿರಿ. ಹದಿನಾಲ್ಕು ವರ್ಷದ ಹಳೇ ಕಾಗದ ಯಾಕೆ ಅನ್ನಬೇಡಿ, ವೈದ್ಯರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.