ಸೋಗೆ, ಹಿಂಡಿ, ಕಣಿಕೆ: ಯಾವ ಆಕಳಿಗೆ ಎಷ್ಟು?

ಪ್ರಶ್ನೆ: ಮಾನ್ಯರೇ, ನಾವು ಮೂಲತಃ ಇಂಡಿ ತಾಲೂಕಿನವರು. ಈಗ ಪುಣೆ ಜಿಲ್ಲೆಯ ದೌಂಡ್ ತಾಲೂಕಿನಲ್ಲಿ ಹೈನುಗಾರಿಕೆ ಮಾಡುತ್ತಿದ್ದೇವೆ. 10 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು, 3 ಪಂಢರಪುರಿ ಎಮ್ಮೆ ಮತ್ತು ಕೆಲವು ಮಣಕಗಳಿವೆ. ಕಬ್ಬು ಕಡಿಯುವ ಕಾಲದಲ್ಲಿ ಸೋಗೆ ಅಗ್ಗವಾಗಿ ಸಿಗುವುದರಿಂದ ಪ್ರತಿ ರಾಸಿಗೆ ದಿನಕ್ಕೆ 25 ಕಿಲೋ ಸೋಗೆ, 4 ಕಿಲೋ ಹತ್ತಿಕಾಳಿನ ಹಿಂಡಿ ಹಾಕುತ್ತೇವೆ. ಆದರೂ ಆಕಳುಗಳು ಮತ್ತೆ ಮತ್ತೆ ಬೆದೆಗೆ ಬರುತ್ತವೆ, ಗಬ್ಬ ನಿಲ್ಲುವುದಿಲ್ಲ. ಒಂದು ಆಕಳು ಕರು ಹಾಕಿದ ಮರುದಿನ ನೆಲ ಹಿಡಿದಿತ್ತು. ವೈದ್ಯರು ಕ್ಯಾಲ್ಸಿಯಂ ಸಲೈನ್ ಏರಿಸಿದ ಮೇಲೆ ಎದ್ದಿತು. ಸಮತೋಲನದ ಆಹಾರ ಎಂದರೆ ಇನ್ನೇನು ಹಾಕಬೇಕು?
– ಓದುಗರು, ದೌಂಡ್

ಉತ್ತರ: ಇನ್ನೇನು ಹಾಕಬೇಕು ಎನ್ನುವುದಕ್ಕಿಂತ ಮೊದಲು, ಈಗ ಹಾಕುತ್ತಿರುವುದನ್ನು ಯಾವ ರಾಸಿಗೆ ಎಷ್ಟು ಹಾಕಬೇಕು ಎಂದು ನೋಡೋಣ. 12 ಲೀಟರ್ ಕರೆಯುವ ಆಕಳಿಗೂ, ಹಾಲು ಬತ್ತಿದ ಆಕಳಿಗೂ, ಮಣಕಕ್ಕೂ ಒಂದೇ ಪ್ರಮಾಣದ ಮೇವು ಹಾಕಿದರೆ ಮೊದಲನೆಯದು ಸೊರಗುತ್ತದೆ, ಎರಡನೆಯದು ಕೊಬ್ಬುತ್ತದೆ, ನಿಮ್ಮ ಹಿಂಡಿಯ ಖರ್ಚು ಮಾತ್ರ ಅಷ್ಟೇ ಇರುತ್ತದೆ.

ಮೇವಿನ ಲೆಕ್ಕವನ್ನು ಹಸಿ ತೂಕದಲ್ಲಿ ಹಾಕದೆ, ನೀರಿನಂಶ ಕಳೆದು ಉಳಿಯುವ ಒಣ ಪದಾರ್ಥದಲ್ಲಿ ಹಾಕಬೇಕು. ಹಾಲು ಕೊಡುವ ಆಕಳಿಗೆ ದೇಹತೂಕದ ಶೇ. 2.5ರಿಂದ 3ರಷ್ಟು ಒಣ ಪದಾರ್ಥ ಬೇಕು. ತೂಕ ತಿಳಿಯಲು ದೊಡ್ಡ ಕಾಟಾ ಬೇಕಿಲ್ಲ, ಟೇಪು ಸಾಕು: ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, ಬಂದದ್ದನ್ನು 660ರಿಂದ ಭಾಗಿಸಿದರೆ ತೂಕ ಸುಮಾರಾಗಿ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 68, ಉದ್ದ 58 ಇಂಚು ಇದ್ದರೆ ಆಕಳು 400 ಕಿಲೋ ಆಸುಪಾಸಿನದು. ಅದಕ್ಕೆ ದಿನಕ್ಕೆ 10ರಿಂದ 12 ಕಿಲೋ ಒಣ ಪದಾರ್ಥ ಬೇಕು.

ಈಗ ನಿಮ್ಮ ಗೋದಲಿಯನ್ನು ನೋಡೋಣ. 25 ಕಿಲೋ ಸೋಗೆಯಲ್ಲಿ ಒಣ ಪದಾರ್ಥ 7 ಕಿಲೋ ಆಸುಪಾಸು, ಅದರಲ್ಲಿ ಪ್ರೋಟೀನು ಶೇ. 5ರ ಆಜುಬಾಜು ಮಾತ್ರ. ಹಿಂಡಿ ಪ್ರೋಟೀನಿನ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ, ಆದರೆ ಕ್ಯಾಲ್ಸಿಯಂ ಕೊರತೆಯನ್ನು ತುಂಬುವುದಿಲ್ಲ. ಸೋಗೆಯಲ್ಲಿರುವ ಆಕ್ಸಲೇಟ್ ಎಂಬ ಆಮ್ಲದ ಲವಣ ಮೇವಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ರಾಸಿನ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಹತ್ತಿಹಿಂಡಿಯಲ್ಲೋ ರಂಜಕ (ಫಾಸ್ಫರಸ್) ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಎರಡೂ ಕಡೆಯಿಂದ ಕ್ಯಾಲ್ಸಿಯಂಗೇ ಕತ್ತರಿ ಬಿದ್ದಂತಾಗಿದೆ. ಗಬ್ಬ ನಿಲ್ಲದಿರುವುದಕ್ಕೆ ಗರ್ಭಕೋಶದ ಸೋಂಕು ಮೊದಲಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ವೈದ್ಯರಿಂದ ಪರೀಕ್ಷೆ ಮಾಡಿಸಿ. ಆದರೆ ಆಹಾರವನ್ನು ಸರಿಪಡಿಸದೆ ಬರೀ ಚುಚ್ಚುಮದ್ದಿನಿಂದ ಫಲ ಸಿಗುವುದು ಕಷ್ಟ.

ಸೋಗೆಯನ್ನು ಪೂರ್ತಿ ಬಿಡಬೇಕಿಲ್ಲ. ಅಗ್ಗದ ಮೇವು ಕೈಗೆ ಸಿಗುವಾಗ ಬಿಡಿ ಎಂದು ಹೇಳುವುದು ಪುಸ್ತಕದ ಮಾತಾದೀತು. ಅದನ್ನು ಹಸಿಮೇವಿನ ಒಂದು ಪಾಲಿಗಷ್ಟೇ ಇಳಿಸಿ, ಕತ್ತರಿಸಿ, ಸುಣ್ಣದ ತಿಳಿನೀರು ಚಿಮುಕಿಸಿ, ಕುದುರೆ ಮಸಾಲೆ ಸೊಪ್ಪಿನಂಥ ದ್ವಿದಳ ಮೇವಿನೊಂದಿಗೆ ಬೆರೆಸಿ ಕೊಡಿ. 400 ಕಿಲೋ ತೂಕದ, 12 ಲೀಟರ್ ಹಾಲಿನ ಆಕಳಿಗೆ ಸೋಗೆ ಮತ್ತು ಹಸಿ ಮೆಕ್ಕೆಜೋಳ ಸೇರಿ 15 ಕಿಲೋ, ಕುದುರೆ ಮಸಾಲೆ 5 ಕಿಲೋ, ಜೋಳದ ಕಣಿಕೆ 4 ಕಿಲೋ, ದಾಣಿ ಮಿಶ್ರಣ 5 ಕಿಲೋ ಇದ್ದರೆ ಹೊಟ್ಟೆಯೂ ತುಂಬುತ್ತದೆ, ಪ್ರೋಟೀನೂ ಸಾಲುತ್ತದೆ. ದಾಣಿಯೆಂದರೆ ಒಂದೇ ಹಿಂಡಿಯಲ್ಲ: ಮೆಕ್ಕೆಜೋಳದ ನುಚ್ಚು, ಗೋಧಿ ಬೂಸಾ, ಹತ್ತಿ ಅಥವಾ ಶೇಂಗಾ ಹಿಂಡಿಗಳನ್ನು ಬೆರೆಸಿ, ಅದಕ್ಕೆ ಶೇ. 2 ಖನಿಜ ಮಿಶ್ರಣ, ಶೇ. 1 ಉಪ್ಪು ಸೇರಿಸಿರಬೇಕು. ಹಾಲಿನ ಲೆಕ್ಕದಲ್ಲಿ ಆಕಳಿಗೆ ಪ್ರತಿ 2.5 ಲೀಟರಿಗೆ, ಎಮ್ಮೆಗೆ ಪ್ರತಿ 2 ಲೀಟರಿಗೆ 1 ಕಿಲೋ ದಾಣಿ ಎಂಬುದು ರೂಢಿಯ ಅಳತೆ. ದೇಹಪೋಷಣೆಗೆ ಇನ್ನೂ 1ರಿಂದ 1.5 ಕಿಲೋ ಬೇಕು. ದ್ವಿದಳ ಹಸಿಮೇವು ಚೆನ್ನಾಗಿದ್ದರೆ ಅದರ 6–8 ಕಿಲೋಗೆ ಒಂದು ಕಿಲೋ ದಾಣಿ ಉಳಿಸಬಹುದು. ಮೇಲಿನ ಲೆಕ್ಕದಲ್ಲಿ ಒಟ್ಟು 6 ಕಿಲೋ ಬರುವ ಜಾಗದಲ್ಲಿ ನಾನು 5 ಹೇಳಿದ್ದು ಅದಕ್ಕೇ.

ಹಾಲು ಬತ್ತಿದ, ಏಳು ತಿಂಗಳು ದಾಟಿದ ಗಬ್ಬದ ಆಕಳನ್ನು ಬೇರೆ ಸಾಲಿನಲ್ಲಿ ಕಟ್ಟಿ, ದೇಹಪೋಷಣೆಯ ದಾಣಿಯ ಮೇಲೆ ಒಂದು ಒಂದೂವರೆ ಕಿಲೋ ಹೆಚ್ಚು ಕೊಡಿ. ಕರು ಹಾಕಿದಾಗ ಕ್ಯಾಲ್ಸಿಯಂ ಕುಸಿದು ಆಕಳು ನೆಲ ಹಿಡಿಯುವ ಹಾಲುಜ್ವರದ ಹೆದರಿಕೆಯಿಂದ ಕರು ಹಾಕುವ ಮುಂಚಿನ ಎರಡು ಮೂರು ವಾರ ಕ್ಯಾಲ್ಸಿಯಂ ಬಾಟಲಿ ಕುಡಿಸುವುದು ಬೇಡ. ಹೊರಗಿನಿಂದ ಧಾರಾಳವಾಗಿ ಸಿಗತೊಡಗಿದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ದೇಹದ ವ್ಯವಸ್ಥೆ ಮಂದವಾಗುತ್ತದೆ, ಹೆರಿಗೆಯ ದಿನ ಹಾಲಿಗೆ ಒಮ್ಮೆಲೇ ಬೇಡಿಕೆ ಬಂದಾಗ ಆಕಳು ಬೀಳುತ್ತದೆ. ಕರು ಹಾಕಿ ಹಾಲು ಶುರುವಾದ ಮೇಲೆ ಮಾತ್ರ ಕ್ಯಾಲ್ಸಿಯಂ ಧಾರಾಳವಾಗಿರಲಿ. ಎಳೆಗರುಗಳಿಗೆ ಹತ್ತಿಹಿಂಡಿ ಹಾಕಬಾರದು. ಅದರಲ್ಲಿರುವ ಗಾಸಿಪೋಲ್ ಅವುಗಳಿಗೆ ವಿಷ.

ಯಾವ ಬದಲಾವಣೆಯನ್ನಾದರೂ 10–15 ದಿನಗಳಲ್ಲಿ ನಿಧಾನವಾಗಿ ಮಾಡಿ. ಮೇವಿನ ಬೆಳೆಗಳ ಮಾಹಿತಿಗೆ ನಿಮಗೆ ಸಮೀಪದ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಆರಂಭಿಸಿದ ಬೈಫ್ ಸಂಸ್ಥೆಯಿದೆ.

ಪ್ರಶ್ನೆ: ಮನೆಯಲ್ಲಿ ಎರಡು ಆಕಳಿವೆ. ಸುತ್ತಲಿನ ವಸತಿ ಸೊಸೈಟಿಗಳವರು ಪುಣ್ಯವೆಂದು ಉಳಿದ ಚಪಾತಿ, ಅನ್ನ ತಂದು ಹಾಕುತ್ತಾರೆ. ಬೇಡವೆನ್ನಲು ಸಂಕೋಚವಾಗುತ್ತದೆ. ಇದು ಒಳ್ಳೆಯದೇ?
– ಓದುಗರು, ಭೋಸರಿ

ಉತ್ತರ: ಒಂದೆರಡು ಚಪಾತಿಯಿಂದ ಏನೂ ಆಗದು, ಬುಟ್ಟಿಗಟ್ಟಲೆ ಬಂದರೆ ಅಪಾಯ. ಬೇಯಿಸಿದ ಪಿಷ್ಟ ಆಕಳಿನ ದೊಡ್ಡ ಹೊಟ್ಟೆಯಲ್ಲಿ ಬಹಳ ಬೇಗ ಹುಳಿತು ಆಮ್ಲವಾಗುತ್ತದೆ. ಮೆಲುಕು ನಿಲ್ಲುವುದು, ಹುಳಿ ವಾಸನೆಯ ತೆಳು ಸಗಣಿ, ಮಂಕಾಗಿ ಮಲಗುವುದು ಅದರ ಲಕ್ಷಣಗಳು. ಕಂಡ ಕೂಡಲೇ ವೈದ್ಯರನ್ನು ಕರೆಸಬೇಕು. ಪುಣ್ಯ ಬೇಕೆಂದವರಿಗೆ ಒಂದು ಹೊರೆ ಕಣಿಕೆ ತಂದುಕೊಡಲು ಹೇಳಿ.

ಪ್ರಶ್ನೆ: ಬೇಸಿಗೆಗೆ ಮುರಘಾಸ (ಹಸಿಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ರಸಮೇವು, ಸೈಲೇಜ್) ಮಾಡಿಡಬೇಕೆಂದಿದ್ದೇವೆ. ಮೆಕ್ಕೆಜೋಳವನ್ನು ಯಾವಾಗ ಕೊಯ್ಯಬೇಕು?
– ಓದುಗರು, ಶಿರೂರ

ಉತ್ತರ: ತೆನೆಯ ಕಾಳನ್ನು ಉಗುರಿನಿಂದ ಒತ್ತಿ ನೋಡಿ. ಬರೀ ಹಾಲು ಚಿಮ್ಮಿದರೆ ಇನ್ನೂ ಕಾಯಿರಿ, ಹಿಟ್ಟಿನಂತೆ ಮೆತ್ತಗಿದ್ದರೆ ಕೊಯ್ಯಿರಿ. ಆಗ ಒಣ ಪದಾರ್ಥ ಶೇ. 30ರಿಂದ 35 ಇರುತ್ತದೆ. ಎರಡು ಸೆಂಟಿಮೀಟರ್ ತುಂಡು ಮಾಡಿ, ಪದರ ಪದರವಾಗಿ ತುಳಿದು ಗಾಳಿ ಹೊರಹಾಕಿ, ಮುಚ್ಚಿ 45 ದಿನ ಬಿಡಿ. ತೆಗೆದಾಗ ಹಿತವಾದ ಹುಳಿ ವಾಸನೆ, ಹಳದಿ ಮಿಶ್ರಿತ ಹಸಿರು ಬಣ್ಣ ಇರಬೇಕು. ಬೂಷ್ಟು ಹಿಡಿದ ಭಾಗವನ್ನು ಗಬ್ಬದ ಆಕಳಿಗೆ ಮಾತ್ರವಲ್ಲ, ಯಾವ ರಾಸಿಗೂ ಹಾಕದೆ ತಿಪ್ಪೆಗೆ ಹಾಕಿ. ಒಮ್ಮೆ ತೆರೆದ ಮೇಲೆ ದಿನದ ಅಗತ್ಯಕ್ಕೆ ತಕ್ಕಷ್ಟೇ ತೆಗೆದು, ಉಳಿದದ್ದನ್ನು ಕೂಡಲೇ ಮುಚ್ಚಿಡಿ.