ಗೆರೆಗೆ ಬಣ್ಣ ಬಳಿದರೆ ಕಾರು ನಿಲ್ಲುವುದಿಲ್ಲ

ಕಡಲತೀರದ ಬಡಾವಣೆಗಳಿಂದ ಬರುವ ಪ್ರಶ್ನೆಗಳು ಮತ್ತೆ ಮತ್ತೆ ಒಂದೇ ಜಾಡು ಹಿಡಿಯುತ್ತವೆ: ಯಾವ ಬಣ್ಣ ಬಳಿಯಬೇಕು, ಯಾವ ಫಲಕ ನೆಡಬೇಕು, ಯಾವ ಮಿಣುಕು ದೀಪ ಕೊಳ್ಳಬೇಕು. ಆ ರಸ್ತೆಯಲ್ಲಿ ವಾಹನಗಳು ಎಷ್ಟು ವೇಗದಲ್ಲಿ ಓಡುತ್ತವೆ ಎಂದು ಅಳೆದು ಬರೆಯುವವರು ತೀರಾ ವಿರಳ. ಆದ್ದರಿಂದ ಮೊದಲ ಪ್ರಶ್ನೆಗೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಉಳಿದವಕ್ಕೆ ಅಷ್ಟು ಬೇಕಿಲ್ಲ.

ಮನೆಗಳ ಸಾಲಿಗೂ ಕಡಲಿಗೂ ನಡುವೆ ರಸ್ತೆ ಇದೆ. ಜೀಬ್ರಾ ಪಟ್ಟೆಗೆ ಎರಡು ಸಲ ಬಣ್ಣ ಹೊಡೆಸಿದರೂ ಯಾರೂ ನಿಲ್ಲಿಸುವುದಿಲ್ಲ. ಎದ್ದು ನಿಂತಂತೆ ಕಾಣುವ ತ್ರೀಡಿ ಪಟ್ಟೆ ಬರೆಸೋಣವೇ?

ಬೇಡ. ಆ ಚಿತ್ರ ಒಂದು ದಿಕ್ಕಿನಿಂದ, ಒಂದು ದೂರದಿಂದ ಮಾತ್ರ ಎದ್ದಂತೆ ಕಾಣುತ್ತದೆ. ಎದುರಿನಿಂದ ಬರುವವನಿಗೆ ಅದು ಅರ್ಥವಾಗದ ಗೀಚು. ದಿನವೂ ಓಡಾಡುವ ಚಾಲಕನಿಗೆ ಬೇಗ ರೂಢಿಯಾಗಿಬಿಡುತ್ತದೆ. ಮೇಲಾಗಿ ದಪ್ಪ ಬಣ್ಣದ ಮೇಲೆ ಒದ್ದೆ ಬರಿಗಾಲು ಜಾರುತ್ತದೆ.

ಮೊದಲು ವೇಗ ಅಳೆಯಿರಿ. ಪಟ್ಟೆಗೆ ಬರುವ ದಾರಿಯಲ್ಲಿ 50 ಮೀಟರ್ ಗುರುತು ಹಾಕಿ. ಎದ್ದು ಕಾಣದ ಜಾಗದಲ್ಲಿ ಕೂತು, ಮುಂದೆ ಬೇರೆ ವಾಹನದ ಅಡ್ಡಿಯಿಲ್ಲದೆ ಬರುವ 100 ವಾಹನಗಳಿಗೆ ಸ್ಟಾಪ್‌ವಾಚ್ ಒತ್ತಿ. 6 ಸೆಕೆಂಡು ಹಿಡಿದರೆ ಗಂಟೆಗೆ 30 ಕಿ.ಮೀ., 4.5 ಸೆಕೆಂಡು ಎಂದರೆ 40, 3.6 ಎಂದರೆ 50. ಈ ವೇಗಗಳನ್ನು ನಿಧಾನದಿಂದ ವೇಗದ ಕಡೆಗೆ ಜೋಡಿಸಿ 85ನೆಯ ಸಂಖ್ಯೆ ನೋಡಿ, ನೂರರಲ್ಲಿ 85 ವಾಹನಗಳು ಆ ವೇಗ ಮೀರಿರುವುದಿಲ್ಲ. ಸರಾಸರಿಯನ್ನು ನಂಬಬೇಡಿ, ಜೀವ ತೆಗೆಯುವವರು ಸರಾಸರಿಯಲ್ಲಿ ಅಡಗಿರುತ್ತಾರೆ. ರಜಾದಿನದ ಗದ್ದಲದಲ್ಲಿ ಅಳೆದರೆ ಸಾಲದು, ರಸ್ತೆ ಖಾಲಿಯಿರುವ ಮುಂಜಾನೆಯೂ ಅಳೆಯಬೇಕು.

ಈ ಸಂಖ್ಯೆ ಏಕೆ ಬೇಕು? ಮಗು ರಸ್ತೆಗಿಳಿದದ್ದನ್ನು ಕಂಡು ಬ್ರೇಕ್ ಒತ್ತಲು ಚಾಲಕನಿಗೆ ಒಂದೂವರೆ ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ 30ರ ವೇಗದ ಕಾರು ಸುಮಾರು 18 ಮೀಟರಿನಲ್ಲಿ ಪೂರ್ತಿ ನಿಂತಿರುತ್ತದೆ. 50ರಲ್ಲಿ ಬರುವ ಕಾರು ಅದೇ 18 ಮೀಟರ್ ದಾಟುವಾಗ ಬ್ರೇಕ್ ಹಿಡಿಯಲು ಶುರುವೇ ಆಗಿರುವುದಿಲ್ಲ. ಅದು ನಿಲ್ಲಲು 37 ಮೀಟರ್ ಬೇಕು. ಗಾಳಿ ತಂದು ಹರಡಿದ ಮರಳು ಡಾಂಬರಿನ ಮೇಲಿದ್ದರೆ ಎರಡೂ ದೂರ ಇನ್ನಷ್ಟು ಹೆಚ್ಚು. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ 30ನ್ನು ಮಿತಿಯಾಗಿಸಬೇಕು ಎಂದು ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಸುಮ್ಮನೆ ಅಲ್ಲ.

ನಿಮ್ಮ 85ನೆಯ ಸಂಖ್ಯೆ 30ಕ್ಕಿಂತ ಮೇಲಿದ್ದರೆ ಪಟ್ಟೆಯನ್ನೇ ಎತ್ತರಿಸಬೇಕು. ಫುಟ್‌ಪಾತಿನ ಮಟ್ಟಕ್ಕೆ ಹತ್ತಿರವಾಗಿ 75ರಿಂದ 100 ಮಿ.ಮೀ. ಎತ್ತರ, ಮೇಲೆ ಕನಿಷ್ಠ 4 ಮೀಟರ್ ಸಪಾಟು, ಎರಡೂ ಬದಿ 10ಕ್ಕೆ 1ರಿಂದ 15ಕ್ಕೆ 1ರಷ್ಟು ಇಳಿಜಾರು. ಬಸ್ಸು ಓಡುವ ರಸ್ತೆಯಾದರೆ 75ರಲ್ಲೇ ನಿಲ್ಲಿಸಿ, ಸಪಾಟನ್ನು 6 ಮೀಟರಿಗೆ ಹಿಗ್ಗಿಸಿ. ಇಳಿಸೂರ್ಯ ಕಣ್ಣಿಗೆ ಹೊಡೆಯುವಾಗ ಚಾಲಕನಿಗೆ ಬಿಳಿಪಟ್ಟೆ ಕಾಣುವುದಿಲ್ಲ. ಚಕ್ರಕ್ಕೆ ಮಾತ್ರ ಉಬ್ಬು ತಿಳಿದೇ ತಿಳಿಯುತ್ತದೆ.

ಇದು ಕೆಡುವುದು ನೀರಿನಿಂದ. ಉಬ್ಬು ಚರಂಡಿಗೆ ಅಡ್ಡ ಬಂದು ಮಳೆನೀರು ಅಂಚಿನಲ್ಲೇ ನಿಲ್ಲುತ್ತದೆ, ದಾಟುವವರು ಕೊಚ್ಚೆ ತಪ್ಪಿಸಲು ಪಟ್ಟೆ ಬಿಟ್ಟು ಆಚೆ ಇಳಿಯುತ್ತಾರೆ. ಅಂಚಿನಲ್ಲಿ ಕಾಲುವೆ ಬಿಟ್ಟು ಜಾಲರಿ ಮುಚ್ಚಬೇಕು. ಜಾಲರಿಯ ಸೀಳು ನಡೆಯುವ ದಿಕ್ಕಿಗೆ ಅಡ್ಡವಾಗಿರಲಿ, 13 ಮಿ.ಮೀ. ಮೀರದಿರಲಿ, ಇಲ್ಲದಿದ್ದರೆ ಗಾಲಿಕುರ್ಚಿಯ ಮುಂಚಕ್ರ ಸಿಕ್ಕಿಬೀಳುತ್ತದೆ. ನೀರು ಬರುವ ಬದಿಯಲ್ಲಿ ಮರಳು ತಂಗುವ ಗುಂಡಿ ಕಡ್ಡಾಯ. ಮಳೆಗಾಲಕ್ಕೆ ಮುಂಚೆ ಅದನ್ನು ಬರಿದು ಮಾಡದಿದ್ದರೆ ಇಡೀ ಕೆಲಸ ವ್ಯರ್ಥ.

ಎಲ್ಲಿ ಕಟ್ಟಬೇಕು ಎಂಬುದನ್ನು ನಕ್ಷೆಯಲ್ಲಿ ಹುಡುಕಬೇಡಿ, ಮರಳಿನಲ್ಲಿ ಹೆಜ್ಜೆ ದಟ್ಟವಾಗಿರುವ ಜಾಗ ನೋಡಿ. ನೀರಿಗೆ ಹೊರಟವರು 40 ಮೀಟರ್ ಸುತ್ತುವುದಿಲ್ಲ. ಇಲ್ಲಿ ಎಂಜಿನಿಯರುಗಳೂ ಮರೆಯುವ ಒಂದು ಸಂಗತಿ ಇದೆ: ಬರಿಗಾಲು. ನಡುಮಧ್ಯಾಹ್ನ ಕಾದ ಡಾಂಬರಿನ ಮೇಲೆ ಮಕ್ಕಳು ನಿಂತು ನೋಡುವುದಿಲ್ಲ, ಓಡುತ್ತಾರೆ. ಆದ್ದರಿಂದ ಎರಡೂ ಬದಿ ಕಾಯುವ ಜಾಗಕ್ಕೆ ತಿಳಿಬಣ್ಣದ ನೆಲಹಾಸು ಮತ್ತು ನೆರಳು ಬೇಕು. ನೆರಳಿಗೆ ಮರವಾದರೆ ಕೊಂಬೆಗಳು ಎರಡೂವರೆ ಮೀಟರಿಗಿಂತ ಮೇಲಿರಲಿ. ಅಲಂಕಾರದ ಪೊದೆ ನೆಡುವುದಾದರೆ ಮೊಣಕಾಲಿನೆತ್ತರ ಮೀರುವ ಜಾತಿ ಬೇಡವೇ ಬೇಡ.

ಇನ್ನು ಪಾರ್ಕಿಂಗ್. ಪಟ್ಟೆಗೆ ಒತ್ತಿಕೊಂಡು ನಿಂತ ಒಂದು ವ್ಯಾನು ಒಂದು ಮೀಟರ್ ಎತ್ತರದ ಮಗುವನ್ನು ಪೂರ್ತಿ ಮರೆಮಾಡುತ್ತದೆ. ವಾಹನ ಬರುವ ಬದಿಯಲ್ಲಿ ಕನಿಷ್ಠ 10 ಮೀಟರ್ ಖಾಲಿ ಇರಲೇಬೇಕು. ಹಳದಿ ಗೆರೆ ಎಳೆದರೆ ರಜಾದಿನ ಯಾರೂ ಲೆಕ್ಕಿಸುವುದಿಲ್ಲ. ಪಾರ್ಕಿಂಗ್ ಪಟ್ಟಿಯ ಅಗಲದಷ್ಟು, ಅಂದರೆ ಸುಮಾರು 2 ಮೀಟರ್, ಫುಟ್‌ಪಾತನ್ನೇ ರಸ್ತೆಯೊಳಕ್ಕೆ ಚಾಚಿ ಕಟ್ಟಿ. ನಿಲ್ಲಿಸಲು ಜಾಗವೇ ಇಲ್ಲದಾಗುತ್ತದೆ, ದಾಟುವ ದೂರವೂ ಕಡಿಮೆಯಾಗುತ್ತದೆ.

ಒಂದು ದಿಕ್ಕಿಗೆ ಎರಡು ಲೇನ್ ಇರುವ ರಸ್ತೆಯಾದರೆ ವಿಷಯವೇ ಬೇರೆ. ಒಬ್ಬ ಚಾಲಕ ಒಳ್ಳೆಯತನದಿಂದ ನಿಲ್ಲಿಸುತ್ತಾನೆ, ಅವನ ಮರೆಯಿಂದ ಹೊರಬಂದವರಿಗೆ ಪಕ್ಕದ ಲೇನಿನವನು ಗುದ್ದುತ್ತಾನೆ. ಅಮೆರಿಕದ ಫೆಡರಲ್ ಹೈವೇ ಆಡಳಿತ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎತ್ತರದ ಮಧ್ಯದ್ವೀಪವಿಲ್ಲದ, ದಿನಕ್ಕೆ 12,000ಕ್ಕಿಂತ ಹೆಚ್ಚು ವಾಹನ ಓಡುವ ಬಹುಲೇನ್ ರಸ್ತೆಗಳಲ್ಲಿ ಬರೀ ಪಟ್ಟೆ ಬಳಿದ ಕಡೆ ಪಾದಚಾರಿಗಳ ಅಪಘಾತದ ಪ್ರಮಾಣ ಪಟ್ಟೆಯಿಲ್ಲದ ಕಡೆಗಿಂತ ಹೆಚ್ಚಿತ್ತು. ಅಂಥ ರಸ್ತೆಗೆ ಮಧ್ಯದಲ್ಲಿ ಕನಿಷ್ಠ 2 ಮೀಟರ್ ಅಗಲದ ದ್ವೀಪ ಮತ್ತು ಪಟ್ಟೆಗಿಂತ 6ರಿಂದ 15 ಮೀಟರ್ ಹಿಂದೆ ನಿಲುಗೆರೆ ಬೇಕು. ಇವೆರಡೂ ಆಗದಿದ್ದರೆ ಬಣ್ಣದ ಡಬ್ಬಿ ತೆರೆಯಬೇಡಿ.

ಮೇಲ್ಸೇತುವೆ ಕಟ್ಟಿಸಿದರೆ?

ಮಗು, ಕೊಡೆ, ಚಾಪೆ ಹೊತ್ತವರು ಮೆಟ್ಟಿಲು ಹತ್ತುವುದಿಲ್ಲ, ಸೇತುವೆಯ ಕೆಳಗೇ ದಾಟುತ್ತಾರೆ.

‘ಮಕ್ಕಳು ಆಡುತ್ತಿದ್ದಾರೆ, ನಿಧಾನ’ ಫಲಕ?

ವೇಗ ಇಳಿಸುವುದಿಲ್ಲ. ಆ ಹಣವನ್ನು ರಸ್ತೆಯ ಮೇಲಿನ ಮರಳನ್ನು ಗುಡಿಸುವುದಕ್ಕೆ ಇಡಿ.

ನಾವೇ ರಾತ್ರಿ ಸಿಮೆಂಟ್ ಸುರಿದು ಹಂಪ್ ಹಾಕಿಬಿಟ್ಟರೆ?

ದಯವಿಟ್ಟು ಬೇಡ. ಕೈಯಳತೆಯಲ್ಲಿ ಹಾಕಿದ ಗಿಡ್ಡ, ಕಡಿದಾದ ದಿಣ್ಣೆ ದ್ವಿಚಕ್ರದವರನ್ನು ಕೆಡವುತ್ತದೆ. ಆಂಬುಲೆನ್ಸಿನಲ್ಲಿ ಮಲಗಿದ ರೋಗಿಗೆ ಅದು ನೇರ ಪೆಟ್ಟು. ಬಣ್ಣವೂ ದೀಪವೂ ಇಲ್ಲದಿದ್ದರೆ ಕತ್ತಲಲ್ಲಿ ಅದೇ ಅಪಘಾತದ ಜಾಗ. ಬ್ರಿಟನ್ನಿನ ರಸ್ತೆ ಸಂಶೋಧಕರು 1970ರ ದಶಕದಲ್ಲಿ ರೂಪಿಸಿದ ದುಂಡು ಹಂಪ್ 3.7 ಮೀಟರ್ ಉದ್ದವಿರುವುದು ಇದೇ ಕಾರಣಕ್ಕೆ: ನಿಧಾನವಾಗಿ ಹೋದರೆ ಹಿತ, ವೇಗವಾಗಿ ಹೋದರೆ ಮಾತ್ರ ಏಟು.

ರಾತ್ರಿ ದೀಪ ಬೇಕು, ಆದರೆ ತೀರದಲ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಏನು ಮಾಡುವುದು?

ಎರಡೂ ಸಾಧ್ಯ. ಪಟ್ಟೆಯ ನೆತ್ತಿಯ ಮೇಲೆ ದೀಪ ಹಾಕಿದರೆ ದಾಟುವವರ ತಲೆ ಬೆಳಗುತ್ತದೆ, ಚಾಲಕನಿಗೆ ಕಾಣಬೇಕಾದ ಮೈ ಕಪ್ಪಾಗಿಯೇ ಉಳಿಯುತ್ತದೆ. ವಾಹನ ಬರುವ ದಿಕ್ಕಿನಲ್ಲಿ, ಪಟ್ಟೆಗಿಂತ ಮೊದಲು, ಕಂಬದೆತ್ತರದ ಅರ್ಧದಿಂದ ಒಂದು ಪಟ್ಟು ದೂರದಲ್ಲಿ ದೀಪ ಇರಲಿ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಬೆಳಕಿನ ಮಾಪಕವನ್ನು ಚಾಲಕನತ್ತ ತಿರುಗಿಸಿ ಅಳೆದಾಗ 20 ಲಕ್ಸ್ (ಬೆಳಕಿನ ಅಳತೆಯ ಮಾನ) ಸಿಗಬೇಕು. ಆಮೆಗಳಿಗಾಗಿ 560 ನ್ಯಾನೋಮೀಟರಿಗಿಂತ ಉದ್ದ ತರಂಗದ ಕಿತ್ತಳೆ ಎಲ್‌ಇಡಿ, ಕಡಲ ಕಡೆಗೆ ಪೂರ್ತಿ ಮರೆ. ರಾತ್ರಿ ಮರಳಿನ ಮೇಲೆ ನಿಂತು ನೋಡಿ. ದೀಪದ ಬಾಯಿ ಕಂಡರೆ ಮರೆ ಸಾಲದು ಎಂದರ್ಥ. ಮೊಟ್ಟೆಯೊಡೆದ ಮರಿಗಳು ಬೆಳಕಿನತ್ತ ತೆವಳಿ ರಸ್ತೆಗೇ ಬರುತ್ತವೆ.

ಗುಂಡಿ ಒತ್ತುವ ಸಿಗ್ನಲ್ ಹಾಕಿದ್ದಾರೆ, ಯಾರೂ ಬಳಸುವುದಿಲ್ಲ.

ಕಾಯುವ ಹೊತ್ತು ಅಳೆಯಿರಿ. 30 ಸೆಕೆಂಡು ದಾಟಿದರೆ ಜನ ಕೆಂಪಿನಲ್ಲೇ ಇಳಿಯುತ್ತಾರೆ. ದಾಟುವ ಸಮಯವನ್ನೂ ನೋಡಿ: 9 ಮೀಟರ್ ರಸ್ತೆಗೆ ಗಟ್ಟಿಮುಟ್ಟಾದವರಿಗೆ 7.5 ಸೆಕೆಂಡು ಸಾಕು, ಹಿರಿಯರಿಗೆ 10 ಬೇಕು. ಹತ್ತನ್ನೇ ಇಡಿಸಿ.

ರಸ್ತೆಯಲ್ಲಿ ಹುದುಗಿಸುವ ಸೌರ ಮಿಣುಕು ಗುಬ್ಬಿಗಳನ್ನು (ಸ್ಟಡ್) ಮಾರುವವರು ‘ಅಪಘಾತ ಶೂನ್ಯ’ ಎನ್ನುತ್ತಾರೆ. ನಂಬಬಹುದೇ?

ನಂಬಬೇಡಿ. ಶೂನ್ಯದ ಭರವಸೆ ಕೊಡುವವರಿಗೆ ರಸ್ತೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ವಂಚಿಸುತ್ತಿದ್ದಾರೆ. ಮರಳು ಗುಬ್ಬಿಯ ಮುಖವನ್ನು ಉಜ್ಜಿ ಮಂಕು ಮಾಡುತ್ತದೆ, ಉಪ್ಪುನೀರು ಒಳಹೊಕ್ಕು ಬ್ಯಾಟರಿಯನ್ನು ತಿನ್ನುತ್ತದೆ. ಉಬ್ಬು, ಖಾಲಿ ಅಂಚು, ದೀಪ ಮೂರೂ ಆದ ಮೇಲೂ ಹಣ ಉಳಿದರೆ ರಸ್ತೆಬದಿಯ ಕಂಬಕ್ಕೆ ಮಿಣುಕು ದೀಪ ಹಾಕಿಸಿ. ಕಂಬ ಅಲ್ಯೂಮಿನಿಯಂನದಾದರೆ ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವಾಗಿರಲಿ, 304 ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಎರಡು ಲೋಹಗಳು ನೇರ ತಾಗದಂತೆ ನಡುವೆ ನೈಲಾನ್ ವಾಷರ್ ಕೂರಿಸಲು ಹೇಳಿ, ಕೂರಿಸಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಿ.